ಏಳನೆಯ ತರಗತಿಯ ಗಣಿತಕ್ಕೆ ಒರಿಗಾಮಿ: ಕೊಕ್ಕರೆ ಮಾಡಿಸಲು ಹೋಗಿ ಸೋತಿದ್ದೇನೆ, ಮುಂದೇನು?

ಸೀಮೆಸುಣ್ಣ | ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಅರಸೀಕೆರೆ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಏಳರಲ್ಲಿ 34 ಮಕ್ಕಳಿದ್ದಾರೆ.

ಕಳೆದ ತಿಂಗಳು ಎರಡು ದಿನದ ತರಬೇತಿಗೆ ಹೋಗಿದ್ದೆ. ಅಲ್ಲಿ ನಮಗೆ ಬಣ್ಣದ ಕಾಗದ ಹಂಚಿ ಜಪಾನಿನ ಕೊಕ್ಕರೆ ಮಡಿಸುವುದನ್ನು ಕಲಿಸಿದರು. ಒರಿಗಾಮಿಯಿಂದ, ಅಂದರೆ ಈ ಕಾಗದ ಮಡಿಸುವ ಕಲೆಯಿಂದ, ಮಕ್ಕಳ ಏಕಾಗ್ರತೆ ಹೆಚ್ಚುತ್ತದೆ, ಎಡ ಮಿದುಳು ಬಲ ಮಿದುಳು ಎರಡೂ ಚುರುಕಾಗುತ್ತವೆ, ಗಣಿತದ ಭಯ ಓಡಿಹೋಗುತ್ತದೆ ಎಂದರು. ಊಟದ ನಂತರದ ಅವಧಿ ಅದು. ನಮ್ಮ ನಿದ್ದೆ ಓಡಿಹೋಗಿದ್ದಂತೂ ನಿಜ. ನನ್ನ ಕೊಕ್ಕರೆ ಚೆನ್ನಾಗಿಯೇ ಬಂದಿತ್ತು. ಆ ಹುರುಪಿನಲ್ಲಿ ಅರಸೀಕೆರೆ ಪೇಟೆಯಲ್ಲಿ ಸ್ವಂತ ದುಡ್ಡಿನಿಂದ ಬಣ್ಣದ ಕಾಗದ ಕೊಂಡುಕೊಂಡು ಶನಿವಾರ ಬೆಳಗಿನ ತರಗತಿಗೆ ಹೋದೆ.

ಮೊದಲ ನಾಲ್ಕು ಮಡಿಕೆಯವರೆಗೆ ನಾನೇ ರಾಣಿ. ಐದನೆಯದಕ್ಕೆ ಆರು ಮಕ್ಕಳ ಹಾಳೆ ತಿರುಗುಮುರುಗಾಗಿತ್ತು. ಒಂದು ಪದರವನ್ನು ಮಾತ್ರ ಮೇಲಕ್ಕೆತ್ತಿ ಎರಡೂ ಪಕ್ಕ ಒಳಕ್ಕೆ ಒತ್ತುವ ಘಟ್ಟ ಒಂದಿದೆಯಲ್ಲ, ಅಲ್ಲಿ ಇಡೀ ತರಗತಿ ಕುಸಿಯಿತು. "ಮಿಸ್, ನಂದು ನೋಡಿ", "ಮಿಸ್, ಹರಿದುಹೋಯಿತು", "ಮಿಸ್, ಇವನು ನನ್ನದನ್ನು ರಾಕೆಟ್ ಮಾಡಿದ". ಬೆಲ್ ಹೊಡೆದಾಗ ಕೊಕ್ಕರೆ ಎನ್ನಬಹುದಾದವು ನಾಲ್ಕು ಇದ್ದವು. ಅದರಲ್ಲಿ ಎರಡು ನಾನೇ ಮಡಿಸಿಕೊಟ್ಟವು. ಪಕ್ಕದ ಕೋಣೆಯ ಸಹೋದ್ಯೋಗಿ ಬಾಗಿಲಲ್ಲಿ ನಿಂತು, "ಇವತ್ತು ಗಣಿತವೋ ಗಲಾಟೆಯೋ?" ಎಂದು ಕೇಳಿ ಹೋದರು. ಅವರ ಮೇಲೆ ಕೋಪವಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ನಾನೇ ಕೇಳಿಕೊಂಡ ಪ್ರಶ್ನೆಯೂ ಅದೇ: ಈ ಮಕ್ಕಳು ಇವತ್ತು ಯಾವ ಗಣಿತ ಕಲಿತರು?

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಕಾಗದ ಮಡಿಸುವುದರಿಂದ ಗಣಿತಕ್ಕೆ ನಿಜವಾಗಿ ಪ್ರಯೋಜನ ಉಂಟೇ, ಅಥವಾ ಇದು ಕರಕುಶಲ ಅವಧಿಗೆ ಸೇರಿದ್ದೇ? ಉಂಟು ಎನ್ನುವವರು ಯಾವ ಮಡಿಕೆ, ಯಾವ ಪಾಠಕ್ಕೆ ಎಂದು ಹೇಳಿ. ಅಂಗಡಿಯ ಬಣ್ಣದ ಕಾಗದ ಪ್ರತಿ ವಾರ ಕೊಳ್ಳಲು ನನ್ನಿಂದಾಗದು. ದಯವಿಟ್ಟು ಎಡಬಲ ಮಿದುಳಿನ ಮಾತು ಬೇಡ, ಅದನ್ನು ಕೇಳಿಸಿಕೊಂಡಾಗಿದೆ.

ಹಳೆಯ ಕಂಪಾಸು ಪೆಟ್ಟಿಗೆ | ಸೋಮವಾರ, ರಾತ್ರಿ 11.15

ಮೇಡಂ, ಸಾಗರದ ಕಡೆ ಪ್ರೌಢಶಾಲೆಯಲ್ಲಿ 31 ವರ್ಷ ಗಣಿತ ಪಾಠ ಮಾಡಿ ನಿವೃತ್ತನಾದವನು ನಾನು. ನಿಮ್ಮ ಶನಿವಾರವನ್ನು ನಾನೂ ಕಂಡಿದ್ದೇನೆ. ನನ್ನದು ಕೊಕ್ಕರೆಯಲ್ಲ, ಕಪ್ಪೆ. ನೀವು ಸೋತದ್ದು ಮಡಿಸುವುದರಲ್ಲಿ ಅಲ್ಲ. ಮಡಿಸಿ ಮುಗಿಸಿದ ವಸ್ತುವೇ ಪಾಠ ಎಂದುಕೊಂಡಿರಿ, ಅಲ್ಲಿ ಸೋತಿರಿ. ಗಣಿತದ ಮೇಷ್ಟ್ರಿಗೆ ಕೊಕ್ಕರೆ ಬೇಕಾಗಿಲ್ಲ. ಮಡಿಸಿದ್ದನ್ನು ಬಿಚ್ಚಿದಾಗ ಹಾಳೆಯ ಮೇಲೆ ಉಳಿಯುವ ಗೆರೆಗಳು ಬೇಕು. ಪಾಠ ಇರುವುದು ಆ ಗೆರೆಗಳಲ್ಲಿ.

ಇದು ನನ್ನ ಸ್ವಂತ ಬುದ್ಧಿಯಲ್ಲ, ಜಪಾನಿನಿಂದ ಬಂದದ್ದೂ ಅಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಟಿ. ಸುಂದರ ರಾವ್ ಎಂಬವರಿದ್ದರು. ಕಾಗದ ಮಡಿಸಿ ರೇಖಾಗಣಿತ ಕಲಿಯುವ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1893ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಸ್ಕೇಲು, ಕಂಪಾಸು ಮುಟ್ಟದೆ, ಚೌಕದಿಂದ ಹೊರಟು ಸಮಬಾಹು ತ್ರಿಭುಜ, ಪಂಚಭುಜ, ಷಡ್ಭುಜ ಎಂದು ಮಡಿಕೆಯಲ್ಲೇ ನಡೆಯುತ್ತಾರೆ. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಪುಸ್ತಕದಲ್ಲಿ ಇದನ್ನು ಹೆಸರಿಸಿದ ಮೇಲೆ 1901ರಲ್ಲಿ ಷಿಕಾಗೊದಲ್ಲಿಯೂ ಪ್ರಕಟವಾಯಿತು. ಇದರ ಯೋಚನೆ ತಮಗೆ ಬಂದದ್ದು ಶಿಶುವಿಹಾರದ ಮಕ್ಕಳಿಗೆ ಕೊಡುವ ಬಣ್ಣದ ಕಾಗದದ ಕಟ್ಟಿನಿಂದ ಎಂದು ಸುಂದರ ರಾವ್ ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾರೆ. ಅದು ಶಿಶುವಿಹಾರವನ್ನು ಮೊದಲು ಶುರುಮಾಡಿದ ಜರ್ಮನಿಯ ಫ್ರೋಬೆಲ್ ಅವರ ಪದ್ಧತಿಯ ಕಲಿಕೋಪಕರಣ. ಮಗುವಿನ ಆಟದ ಹಾಳೆ ನೋಡಿ ದೊಡ್ಡವರ ಗಣಿತ ಹೊಳೆದ ಮನುಷ್ಯ ನಮ್ಮ ಪಕ್ಕದವರೇ. ತರಬೇತಿಗಳಲ್ಲಿ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ ಎಂಬುದು ನನ್ನ ಹಳೆಯ ಸಿಟ್ಟು, ಇರಲಿ.

ಕಾಗದಕ್ಕೆ ದುಡ್ಡು ಹಾಕಬೇಡಿ. ಹಳೆಯ ದಿನಪತ್ರಿಕೆ ಸಾಕು. ಹಳೆಯ ಕ್ಯಾಲೆಂಡರಿನ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು. ಉಗುರಿನಿಂದ ತೀಡಿದರೆ ಗೆರೆ ಚಾಕುವಿನಂತೆ ನಿಲ್ಲುತ್ತದೆ. ರಟ್ಟಿನಲ್ಲಿ 24 ಸೆಂಟಿಮೀಟರಿನ ಒಂದು ಚೌಕ ಕತ್ತರಿಸಿಟ್ಟುಕೊಳ್ಳಿ. ಅದನ್ನು ಪತ್ರಿಕೆಯ ಮೇಲಿಟ್ಟು ಗೀಟು ಹಾಕಿ ಎಷ್ಟು ಬೇಕಾದರೂ ಚೌಕ ಕತ್ತರಿಸಬಹುದು. 24 ಏಕೆ ಎಂದು ಈಗ ಕೇಳಬೇಡಿ.

ಮೊದಲ ದಿನ ಇಷ್ಟೇ ಮಾಡಿಸಿ. ಯಾವುದಾದರೂ ರದ್ದಿ ಹಾಳೆ, ಚೌಕವೇ ಆಗಬೇಕಿಲ್ಲ. ಹೇಗೆ ಬೇಕಾದರೂ ಒಂದು ಸಲ ಮಡಿಸಲಿ. ಮಡಿಸಿದ ಅಂಚನ್ನು ಅಡ್ಡ ಹಾಯುವಂತೆ, ಓರೆಯಾಗಿ, ಇನ್ನೊಂದು ಸಲ ಮಡಿಸಲಿ. ಬಿಚ್ಚಲಿ. ಒಂದು ಬಿಂದುವಿನಲ್ಲಿ ನಾಲ್ಕು ಗೆರೆ ಕೂಡಿರುತ್ತವೆ. ಯಾವುದು ದಿಣ್ಣೆ, ಯಾವುದು ಹಳ್ಳ ಎಂದು ಬೆರಳಾಡಿಸಿ ನೋಡಲಿ. 34 ಮಕ್ಕಳ 34 ಹಾಳೆಯಲ್ಲೂ ಮೂರು ಒಂದು ಬಗೆ, ಒಂದು ಮಾತ್ರ ಬೇರೆ ಬಗೆ. ಕೋನಮಾಪಕ ಕೊಡಿ: ಎದುರುಬದುರಾಗಿರುವ ಎರಡು ಕೋನ ಕೂಡಿಸಿದರೆ 180. ಒಬ್ಬರಂತೆ ಇನ್ನೊಬ್ಬರು ಮಡಿಸಿಲ್ಲ, ಉತ್ತರ ಮಾತ್ರ ಎಲ್ಲರದೂ ಒಂದೇ. ಇವಕ್ಕೆ ಮಾಯೆಕಾವಾ, ಕವಸಾಕಿ ಎಂಬ ಜಪಾನೀ ಹೆಸರಿನ ಪ್ರಮೇಯಗಳಿವೆ. ಮಕ್ಕಳಿಗೆ ಹೆಸರು ಬೇಡ. "ಎಲ್ಲರಿಗೂ ಯಾಕೆ ಹೀಗೇ ಬಂತು?" ಎಂದು ಕೇಳಿ ಸುಮ್ಮನೆ ನಿಲ್ಲಿ. ಸುಮ್ಮನೆ ನಿಲ್ಲುವುದೇ ಕಷ್ಟ, ನನಗೆ ಅದನ್ನು ಕಲಿಯಲು ಹತ್ತು ವರ್ಷ ಬೇಕಾಯಿತು.

ಎರಡನೆಯ ದಿನಕ್ಕೆ 24ರ ಚೌಕ. ಮೇಲಂಚಿನ ನಡುವನ್ನು ಚಿವುಟಿ ಗುರುತು ಮಾಡಲಿ. ಇಡೀ ಹಾಳೆ ಮಡಿಸುವುದು ಬೇಡ. ಈಗ ಕೆಳಗಿನ ಎಡ ಮೂಲೆಯನ್ನು ಎತ್ತಿ ಆ ಗುರುತಿಗೆ ಸರಿಯಾಗಿ ಮುಟ್ಟಿಸಿ ಒತ್ತಲಿ. ಇದೊಂದೇ ಮಡಿಕೆ. ಎಡಗಡೆ ಮೇಲ್ಮೂಲೆಯಲ್ಲಿ ಒಂದು ಲಂಬಕೋನ ತ್ರಿಭುಜ ಉಳಿದಿರುತ್ತದೆ. ಅಳೆದರೆ 9, 12, 15. ಮೇಲಕ್ಕೆ ಬಂದ ಕೆಳಂಚು ಬಲ ಅಂಚನ್ನು ದಾಟುವ ಜಾಗ ಕೆಳಗಿನ ಮೂಲೆಯಿಂದ 8 ಸೆಂ.ಮೀ., ಅಂದರೆ ಹಾಳೆಯ ಸರಿಯಾಗಿ ಮೂರನೆಯ ಒಂದು ಭಾಗ. ಅರ್ಧ, ಕಾಲು, ಅರೆಕಾಲು ಮಡಿಸುವುದು ಯಾರಿಗೂ ಗೊತ್ತು. ಅಳತೆಯಿಲ್ಲದೆ ಮೂರನೆಯ ಒಂದು ಭಾಗ ಮಡಿಸಿ ಎಂದರೆ ದೊಡ್ಡವರೂ ತಡಕಾಡುತ್ತಾರೆ. ಇದನ್ನು ಕಂಡವರು ಕಜುವೊ ಹಾಗಾ, ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಗಣಿತದವರಲ್ಲ, ಜೀವಶಾಸ್ತ್ರದವರು.

ಹೇಳುವ ಕ್ರಮದ ಬಗ್ಗೆ ಒಂದು ಮಾತು. ನೀವು ಮಡಿಸಿ ತೋರಿಸುವ ಹಾಳೆ ಪತ್ರಿಕೆಯ ಜೋಡಿ ಪುಟದಷ್ಟು ದೊಡ್ಡದಾಗಿರಲಿ, ಒಂದು ಮಗ್ಗುಲಿಗೆ ಸುಣ್ಣವೋ ಬಣ್ಣವೋ ಬಳಿದಿರಲಿ. ಹಿಂದು ಮುಂದು ಯಾವುದೆಂದು ಕೊನೆಯ ಸಾಲಿಗೂ ತಿಳಿಯುತ್ತದೆ. ಒಂದು ಮಡಿಕೆ ಆದ ಮೇಲೆ ಎಲ್ಲರೂ ಹಾಳೆ ಎತ್ತಿ ಹಿಡಿಯಬೇಕು, ಆಮೇಲೆ ಮುಂದಿನದು.

ನೇರ ಮಾತು | ಮಂಗಳವಾರ, ಬೆಳಿಗ್ಗೆ 7.05

ಹುಬ್ಬಳ್ಳಿಯಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಮನೆಪಾಠ ಹೇಳುತ್ತೇನೆ. ಮೇಲಿನ ಸರ್ ಹೇಳಿದ್ದು ಚೆಂದವಾಗಿದೆ, ಆದರೆ ಒಂದು ತಕರಾರು.

ತ್ರಿಭುಜದ ಮೂರು ಮೂಲೆಗಳನ್ನು ತಳಕ್ಕೆ ಮಡಿಸಿ, ಮೂರೂ ಸೇರಿ ನೇರ ಗೆರೆಯಾಯಿತು, ಆದ್ದರಿಂದ ಮೊತ್ತ 180 ಎಂದು ಕಲಿತ ಮಕ್ಕಳು ನನ್ನ ಬಳಿ ಬರುತ್ತಾರೆ. "ಸಾಧಿಸಿ ತೋರಿಸು" ಎಂದರೆ ಪೆನ್ನು ಕೆಳಗಿಟ್ಟು ಕಾಗದ ಕೇಳುತ್ತಾರೆ. ಮಡಿಸಿ ನೋಡಿದ್ದು ಸಾಧನೆಯಲ್ಲ. ಮೂಲೆಗಳ ನಡುವೆ ಅರ್ಧ ಮಿಲಿಮೀಟರ್ ಸಂದು ಉಳಿದಿರುತ್ತದೆ. ಅದು ಮಡಿಸಿದವನ ತಪ್ಪೋ ಪ್ರಮೇಯದ ತಪ್ಪೋ ಎಂದು ಕಾಗದ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಸಮಾಂತರ ರೇಖೆ ಎಳೆದು, ಪರ್ಯಾಯ ಕೋನ ಹೆಸರಿಸಿ, ನಾಲ್ಕು ಸಾಲು ಬರೆದವನಿಗೇ ಅಂಕ. ಜೂನ್‌ನಿಂದ ಮಾರ್ಚ್ ಒಳಗೆ ಪಠ್ಯ ಮುಗಿಸುವ ಟೀಚರಿಗೆ ವಾರಕ್ಕೊಂದು ಅವಧಿ ಕಾಗದಕ್ಕೆ ಕೊಡಿ ಎನ್ನುವುದು ಸುಲಭ, ಕೊಡುವುದು ಕಷ್ಟ.

ಹಳೆಯ ಕಂಪಾಸು ಪೆಟ್ಟಿಗೆ | ಮಂಗಳವಾರ, ಬೆಳಿಗ್ಗೆ 8.30

ಒಪ್ಪಿದೆ. ಮಡಿಕೆ ಸಾಧನೆಯಲ್ಲ, ಸಾಕ್ಷಿ. ಆದರೆ ಸಾಕ್ಷಿಯನ್ನೇ ನೋಡದವನಿಗೆ ಸಾಧನೆ ಯಾಕೆ ಬೇಕು ಎಂಬುದೂ ತಿಳಿಯುವುದಿಲ್ಲ ಸರ್. ನಿಮ್ಮ ಬಳಿ ಬರುವ ಮಕ್ಕಳ ತೊಂದರೆ ಮಡಿಸಿದ್ದರಿಂದ ಬಂದದ್ದಲ್ಲ, ಮಡಿಸಿ ಅಲ್ಲಿಗೇ ನಿಲ್ಲಿಸಿದ್ದರಿಂದ ಬಂದದ್ದು.

ನೀವೇ ಹೇಳಿದ ಆ ತ್ರಿಭುಜವನ್ನು ತೆಗೆದುಕೊಳ್ಳಿ. ಅತಿ ಉದ್ದದ ಬಾಹುವನ್ನು ತಳವಾಗಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಕೆಲವು ತ್ರಿಭುಜಗಳಲ್ಲಿ ಮೂಲೆ ತಳ ಬಿಟ್ಟು ಹೊರಗೆ ಬೀಳುತ್ತದೆ. ಇದನ್ನು ಮೊದಲೇ ಹೇಳದೆ ಮಡಿಸಿ ಎಂದ ದಿನ ನನ್ನ ತರಗತಿಯ ಅರ್ಧ ಮಕ್ಕಳಿಗೆ ಪ್ರಮೇಯವೇ ಸುಳ್ಳಾಗಿತ್ತು. ಮೂರೂ ಮೂಲೆ ಮಡಿಸಿದ ಮೇಲೆ ಕೈಯಲ್ಲಿ ಒಂದು ಆಯತ ಇರುತ್ತದೆ, ಎಲ್ಲೆಡೆ ಎರಡು ಪದರ. ಅದರ ಉದ್ದ ತಳದ ಅರ್ಧ, ಅಗಲ ಎತ್ತರದ ಅರ್ಧ. ಎರಡು ಪದರಕ್ಕೆ ಲೆಕ್ಕ ಹಾಕಿದರೆ ತ್ರಿಭುಜದ ವಿಸ್ತೀರ್ಣ ತಳ ಗುಣಿಸು ಎತ್ತರದ ಅರ್ಧ ಎಂದು ಮಗುವೇ ಹೇಳುತ್ತದೆ. ಸೂತ್ರದಲ್ಲಿ ಆ "ಅರ್ಧ" ಎಲ್ಲಿಂದ ಬಂತು ಎಂದು ಕೇಳಿದರೆ ಎಷ್ಟು ಎಸ್‌ಎಸ್‌ಎಲ್‌ಸಿ ಮಕ್ಕಳು ಉತ್ತರ ಹೇಳುತ್ತಾರೆ, ನೀವೇ ನೋಡಿ.

ವಾರಕ್ಕೊಂದು ಅವಧಿ ನಾನು ಕೇಳಲಿಲ್ಲ. ಒಂದು ಪಾಠಕ್ಕೆ ಒಂದು ಮಡಿಕೆ, ಹತ್ತು ನಿಮಿಷ. ಉಳಿದ ಹೊತ್ತು ಕಪ್ಪುಹಲಗೆಯದೇ.

ದೂರದೂರಿನ ಅಮ್ಮ | ಮಂಗಳವಾರ, ಸಂಜೆ 6.20

ನಾನು ಶಿಕ್ಷಕಿಯಲ್ಲ. ಶಿರಸಿಯವಳು, ಒಂಬತ್ತು ವರ್ಷದಿಂದ ಜಪಾನಿನ ನಗೊಯಾದಲ್ಲಿದ್ದೇನೆ. ಮಗ ಎರಡನೆಯ ತರಗತಿ. ಇಲ್ಲಿ ಕಂಡದ್ದನ್ನು ಹೇಳುತ್ತೇನೆ, ಉಪಯೋಗಕ್ಕೆ ಬಂದರೆ ಬರಲಿ.

ಇಲ್ಲಿ ಒರಿಗಾಮಿಯನ್ನು ಗಣಿತ ಕಲಿಸಲು ಎಂದು ಯಾರೂ ಶುರುಮಾಡುವುದಿಲ್ಲ. ಮಗನ ಶಿಶುವಿಹಾರದಲ್ಲಿ ಮಳೆ ಬಂದು ಹೊರಗೆ ಆಡಲಾಗದ ದಿನ ಹದಿನೈದು ಸೆಂಟಿಮೀಟರಿನ ಬಣ್ಣದ ಚೌಕಗಳ ಡಬ್ಬಿ ಕೆಳಗಿಳಿಯುತ್ತಿತ್ತು, ಅಷ್ಟೆ. ಮೂರು ವರ್ಷದ ಮಕ್ಕಳಿಗೆ ಕೊಕ್ಕರೆ ಎಂದೂ ಮಾಡಿಸಲಿಲ್ಲ. ಎರಡು ಮೂರು ಮಡಿಕೆಯ ನಾಯಿಮುಖ, ಅದಕ್ಕೆ ಬಣ್ಣದ ಪೆನ್ಸಿಲಿನಲ್ಲಿ ಕಣ್ಣು. ಟೀಚರ್ ಹೇಳುತ್ತಿದ್ದ ಮಾತು ಎರಡೇ: "ಮೂಲೆಗೆ ಮೂಲೆ ಸೇರಿಸು" ಮತ್ತು "ಬೆರಳಿನಿಂದ ಇಸ್ತ್ರಿ ಮಾಡು". ಸ್ವಲ್ಪ ದೊಡ್ಡವರಾದ ಮೇಲೆ ಯಾಮಾ, ತಾನಿ ಎಂಬ ಎರಡು ಪದ: ಬೆಟ್ಟ, ಕಣಿವೆ. ಸರ್ ಹೇಳಿದ ದಿಣ್ಣೆ, ಹಳ್ಳ ಓದಿ ನಕ್ಕೆ. ಅದೇ ಪದಗಳು!

ನನ್ನ ಮಗ ಬೇಗ ಸಿಡುಕುವವನು. ಮೂಲೆ ಕೂಡದಿದ್ದರೆ ಹಾಳೆಯನ್ನು ಮುದ್ದೆ ಮಾಡಿ ಎಸೆಯುತ್ತಿದ್ದ. ಒರಿಗಾಮಿಯಿಂದ ಅವನು ಶಾಂತನಾದ ಎಂದು ಹೇಳಿದರೆ ಸುಳ್ಳಾಗುತ್ತದೆ, ಈಗಲೂ ಎಸೆಯುತ್ತಾನೆ. ಆದರೆ ಎಸೆದದ್ದನ್ನು ಎತ್ತಿಕೊಂಡು ಬಂದು, ಸವರಿ, ಎಲ್ಲಿ ತಪ್ಪಿತೆಂದು ಗೆರೆ ನೋಡುವುದನ್ನು ಕಲಿತಿದ್ದಾನೆ. ಕಾಗದದ ಗುಣ ಅದು. ಬರೆದದ್ದನ್ನು ರಬ್ಬರಿನಿಂದ ಅಳಿಸಬಹುದು, ಮಡಿಸಿದ್ದು ಅಳಿಯುವುದಿಲ್ಲ.

ಮೇಡಂ, ಕೊಕ್ಕರೆಯನ್ನು ಪೂರ್ತಿ ಕೈಬಿಡಬೇಡಿ. ಅಂದಹಾಗೆ ಅದು ನಮ್ಮ ಗದ್ದೆಯ ಕೊಕ್ಕರೆಯಲ್ಲ, ಕ್ರೌಂಚ; ಇಲ್ಲಿ ತ್ಸುರು ಎನ್ನುತ್ತಾರೆ. ಹಿರೋಷಿಮಾದ ಸದಾಕೊ ಸಸಾಕಿ ಎಂಬ ಹುಡುಗಿ ಅಣುಬಾಂಬ್ ಬಿದ್ದಾಗ ಎರಡು ವರ್ಷದವಳು, 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಹನ್ನೆರಡು. ಆಸ್ಪತ್ರೆಯ ಹಾಸಿಗೆಯಲ್ಲಿ ಕ್ರೌಂಚಗಳನ್ನು ಮಡಿಸುತ್ತಿದ್ದಳು. ಅವಳ ಸಹಪಾಠಿಗಳು ಮುಂದಾಗಿ ನಿಧಿ ಕೂಡಿಸಿದ್ದರಿಂದ ಎದ್ದ ಮಕ್ಕಳ ಸ್ಮಾರಕ 1958ರಿಂದ ಅಲ್ಲಿದೆ. ನಾವು ಹೋದಾಗ ಸುತ್ತಲೂ ಗಾಜಿನ ಪೆಟ್ಟಿಗೆಗಳ ತುಂಬ ಶಾಲೆ ಶಾಲೆಗಳಿಂದ ಬಂದ ಕಾಗದದ ಕ್ರೌಂಚಗಳ ಸರಗಳು. ಅದು ಗಣಿತದ ಅವಧಿಗಲ್ಲ. ಬಾಂಬ್ ಬಿದ್ದ ದಿನವಾದ ಆಗಸ್ಟ್ 6ಕ್ಕೆ ಒಂದು ದಿನ, ಸಮಾಜ ಪಾಠದವರ ಜೊತೆ ಸೇರಿ, ಇಡೀ ಮಧ್ಯಾಹ್ನ ಕೊಟ್ಟು ಮಾಡಿಸಿ. ಆಗ ಹರಿದರೂ ಯಾರೂ ಗಲಾಟೆ ಎನ್ನುವುದಿಲ್ಲ.

ಇನ್ನೊಂದು ನೆನಪಾಯಿತು. ನಮ್ಮಪ್ಪನದು ದಿನಸಿ ಅಂಗಡಿ. ಸೂರಿನಿಂದ ನೂಲಿನುಂಡೆ ಇಳಿಬಿದ್ದಿರುತ್ತಿತ್ತು. ಸಕ್ಕರೆ ತೂಗಿ, ಹಳೆಯ ಪತ್ರಿಕೆಯಲ್ಲಿ ಸುರಿದು, ಅಂಟಿಲ್ಲದೆ ನಾಲ್ಕು ಮಡಿಕೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ಕಾಲು ಕಿಲೋಗೆ ಒಂದು ಅಳತೆಯ ಹಾಳೆ, ಅರ್ಧ ಕಿಲೋಗೆ ಒಂದು. ದುಪ್ಪಟ್ಟು ಸಕ್ಕರೆಗೆ ದುಪ್ಪಟ್ಟು ಉದ್ದಗಲದ ಹಾಳೆ ಬೇಡ ಎಂಬುದು ಅವರಿಗೆ ಹೇಗೆ ಗೊತ್ತಿತ್ತೋ. ಇಲ್ಲಿ ಅಂಗಡಿಯವರು ಉಡುಗೊರೆ ಸುತ್ತುವುದನ್ನು ಕಂಡಾಗಲೆಲ್ಲ ಆ ಕೈಗಳೇ ಕಣ್ಣ ಮುಂದೆ ಬರುತ್ತವೆ.

ಸೀಮೆಸುಣ್ಣ | ಎರಡು ವಾರದ ನಂತರ, ಶನಿವಾರ, ಮಧ್ಯಾಹ್ನ 3.10

ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ದಿನ ನಾಲ್ಕು ಗೆರೆಯ ಮಡಿಕೆ. ಹನ್ನೆರಡು ನಿಮಿಷದಲ್ಲಿ ಮುಗಿಯಿತು, ಬಾಗಿಲಿಗೆ ಯಾರೂ ಬರಲಿಲ್ಲ. ಕೋನಗಳ ಮೊತ್ತ 176ರಿಂದ 185ರವರೆಗೆ ಬಂತು. ಒಬ್ಬನಿಗೆ ಮಾತ್ರ 240. ಕೋನಮಾಪಕದ ಮೇಲಿನ ಸಾಲು ಓದಬೇಕೋ ಕೆಳಗಿನ ಸಾಲೋ ಎಂಬುದು ಅವನಿಗೆ ಆರನೆಯ ತರಗತಿಯಿಂದಲೂ ತಿಳಿದಿರಲಿಲ್ಲವೆಂದು ಅವತ್ತು ಗೊತ್ತಾಯಿತು. ಲೆಕ್ಕದ ಪುಸ್ತಕದಲ್ಲಿ ಪಕ್ಕದವನನ್ನು ನೋಡಿ ಬರೆಯುತ್ತಿದ್ದನಂತೆ. ಇಲ್ಲಿ ಪಕ್ಕದವನ ಹಾಳೆಯ ಕೋನವೇ ಬೇರೆ, ನೋಡಿ ಬರೆಯಲು ಬರುವುದಿಲ್ಲ. ನೇರ ಮಾತು ಸರ್, ಇದನ್ನು ನಿಮ್ಮ ಲೆಕ್ಕಕ್ಕೂ ಹಾಕಿಕೊಳ್ಳಿ.

24ರ ಚೌಕದ ದಿನ ಮೊದಲು ಎಡವಟ್ಟಾಯಿತು. ಚೌಕ ಕತ್ತರಿಸುವ ಕೆಲಸವನ್ನು ಮಕ್ಕಳಿಗೇ ಬಿಟ್ಟೆ. ಅರ್ಧದಷ್ಟು ಹಾಳೆಗಳು ಸೊಟ್ಟ. ಸೊಟ್ಟ ಹಾಳೆಯವರಿಗೆ 9 ಬಂದರೆ 15 ಬರಲಿಲ್ಲ. ರಟ್ಟು ಇಟ್ಟು ನಾನೇ ಮತ್ತೆ ಕತ್ತರಿಸಿದೆ, ಒಂದು ದಿನ ಹೋಯಿತು. ಮರುದಿನ 9, 12, 15 ಎಲ್ಲರಿಗೂ ಬಂತು, ಒಂದೆರಡು ಮಿಲಿಮೀಟರ್ ಆಚೀಚೆ. ಬಲಗಡೆಯ 8 ಕೂಡ ಬಂತು.

ಆಮೇಲೆ ನಡೆದದ್ದನ್ನು ಹೇಳಲೇಬೇಕು. ಮೂಲೆ ಎತ್ತಿ ಮಡಿಸಿದಾಗ ಬಲ ಅಂಚಿನಿಂದ ಆಚೆ ಒಂದು ಪುಟ್ಟ ತುಣುಕು ಬಾಲದ ಹಾಗೆ ಹೊರಗೆ ಚಾಚಿಕೊಳ್ಳುತ್ತದೆ. ಇದು ತಪ್ಪಿನಿಂದ ಉಳಿದದ್ದು ಎಂದುಕೊಂಡ ಇಬ್ಬರು ಅದನ್ನು ಕತ್ತರಿಸಿಹಾಕಿದ್ದರು. ಒಬ್ಬಳು ಮಾತ್ರ ಅದನ್ನೂ ಅಳೆದಳು: 3, 4, 5. "ಮಿಸ್, ದೊಡ್ಡದರ ಮರಿ ಇದು" ಎಂದಳು. ನಾನು ಹಾಳೆ ತೆಗೆದುಕೊಂಡು ನೋಡಿದೆ. ಮೇಲ್ಗಡೆ ಬಲ ಮೂಲೆಯದು 12, 16, 20. ಅಂದರೆ ಒಂದೇ ಮಡಿಕೆಯಲ್ಲಿ ಒಂದೇ ಆಕಾರದ ಮೂರು ತ್ರಿಭುಜ! ಸರ್, ಇದು ನಿಮಗೆ ಗೊತ್ತಿದ್ದೂ ಹೇಳಲಿಲ್ಲ ಅಲ್ಲವೇ? 24 ಏಕೆ ಎಂಬುದು ಆಗ ತಿಳಿಯಿತು: ಮೂರರ ಅಳತೆಗಳೂ ಪೂರ್ಣ ಸಂಖ್ಯೆಯಲ್ಲೇ ಬರುತ್ತವೆ. ಬಾಲ ಕತ್ತರಿಸಿದವರಿಬ್ಬರು ಅವನ್ನು ಕಸದ ಬುಟ್ಟಿಯಲ್ಲಿ ಹುಡುಕಿ ತಂದು ಅಳೆದರು.

ಈಗ ಸಮಸ್ಯೆ. ಅದೇ ಹುಡುಗಿ ಮನೆಯಲ್ಲಿ ಮೂಲೆಯನ್ನು ನಡುವಿಗೆ ಬದಲು ಎಡಗಡೆಯ ಕಾಲು ಗುರುತಿಗೆ ಮುಟ್ಟಿಸಿ ಮಡಿಸಿಕೊಂಡು ಬಂದಿದ್ದಾಳೆ. ಅವಳಿಗೆ ಸಿಕ್ಕ ತ್ರಿಭುಜ 6, ಹನ್ನೊಂದೂಕಾಲು, ಹನ್ನೆರಡೂಮುಕ್ಕಾಲು. "ಇದಕ್ಕೆ ಯಾಕೆ ಪೂರ್ಣ ಸಂಖ್ಯೆ ಬರಲಿಲ್ಲ? ನಾನು ತಪ್ಪು ಮಡಿಸಿದೆನೇ?" ಎಂದು ಕೇಳುತ್ತಿದ್ದಾಳೆ. ಸೋಮವಾರಕ್ಕೆ ಉತ್ತರ ಬೇಕು.

ಹಳೆಯ ಕಂಪಾಸು ಪೆಟ್ಟಿಗೆ | ಶನಿವಾರ, ಸಂಜೆ 4.00

ಗೊತ್ತಿತ್ತು ಮೇಡಂ. ಹೇಳಿದ್ದರೆ ನೀವು ಮಕ್ಕಳಿಗೆ ಹೇಳಿಬಿಡುತ್ತಿದ್ದಿರಿ.

ಅವಳು ತಪ್ಪು ಮಡಿಸಿಲ್ಲ, ಹಾಳೆಯ ಅಳತೆ ಅವಳ ಪ್ರಶ್ನೆಗೆ ಹೊಂದಲಿಲ್ಲ ಅಷ್ಟೆ. ಪತ್ರಿಕೆಯ ಜೋಡಿ ಪುಟದಲ್ಲಿ 32 ಸೆಂಟಿಮೀಟರಿನ ಚೌಕ ಧಾರಾಳವಾಗಿ ಸಿಗುತ್ತದೆ. ಅದರಲ್ಲಿ ಕಾಲು ಗುರುತಿಗೆ ಮಡಿಸಲಿ: 8, 15, 17. ಮೂರನ್ನೂ ವರ್ಗ ಮಾಡಿ ನೋಡಲಿ.

ಮುಕ್ಕಾಲು ಗುರುತಿಗೆ ಮಡಿಸಿದರೆ ಏನು ಬರುತ್ತದೆ ಎಂಬುದನ್ನು ನಾನು ಬರೆಯುವುದಿಲ್ಲ. ಹಾಳೆ ಅದೇ 32ರದು. ಸೋಮವಾರ ಸಂಜೆ ಅವಳ ಉತ್ತರವನ್ನು ಇಲ್ಲಿ ಹಾಕಿ.